ಬೆನ್ನ ಹಿಂದಿನ ಕೂಗು

ಮುನೇಶನ ಬಲಗೈ ಪ್ರೆಸ್ಸಿಗೆ ಸಿಕ್ಕಿದಾಗ ಕೋದಂಡರಾಮಪ್ಪನವರು ಗೋಡೆಯಾಚೆಯ ಕೋಣೆಯಲ್ಲಿ ಸುರಕ್ಷತೆಯ ಪಾಠ ಹೇಳುತ್ತಿದ್ದರು. ಪರದೆಯ ಮೇಲೆ ಯಂತ್ರದ ಪಕ್ಕ ನಗುತ್ತಾ ನಿಂತ ಕೆಲಸಗಾರನ ಚಿತ್ರವಿತ್ತು. ಬೆಂಚುಗಳ ಮೇಲೆ ಕೂತ ಹೊಸಬರು ಟೀ ಕುಡಿದು ಮುಗಿಸಿ ಫ್ಯಾನಿನ ಗಾಳಿಗೆ ತೂಕಡಿಸುತ್ತಿದ್ದರು. ಕಿರುಚಾಟ ಕೇಳಿ ಎಲ್ಲರೂ ಎದ್ದು ಓಡಿದರು.

ಅದು ೧೯೯೬ರ ಬೇಸಿಗೆ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿದ್ದ ಆ ಕಾರ್ಖಾನೆ ಸ್ಕೂಟರು, ಟ್ರ್ಯಾಕ್ಟರುಗಳಿಗೆ ತಗಡಿನ ಬಿಡಿಭಾಗಗಳನ್ನು ಮಾಡಿ ಕಳಿಸುತ್ತಿತ್ತು. ಪ್ರೆಸ್ಸು ಎಂದರೆ ಆಳಿಗಿಂತ ಎತ್ತರದ ಯಂತ್ರ. ಕೆಳಗಿನ ಅಚ್ಚಿನ ಮೇಲೆ ತಗಡು ಇಟ್ಟು, ಎರಡು ಕೈಯಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮೇಲಿನ ಅಚ್ಚು ಇಳಿದು ಗುದ್ದುತ್ತದೆ. ಕೈಗಳೆರಡೂ ಗುಂಡಿಯ ಮೇಲಿದ್ದಷ್ಟು ಹೊತ್ತು ಅಪಾಯವಿಲ್ಲ. ಮುನೇಶನ ಯಂತ್ರದಲ್ಲಿ ಒಂದು ಗುಂಡಿಗೆ ಮರದ ಚಕ್ಕೆ ಸಿಕ್ಕಿಸಿ ಸದಾ ಒತ್ತಿಕೊಂಡೇ ಇರುವ ಹಾಗೆ ಮಾಡಿದ್ದರು. ಎಡಗೈಯೊಂದೇ ಯಂತ್ರ ನಡೆಸುತ್ತಿತ್ತು. ಬಲಗೈ ಒಳಗೆ ಕಚ್ಚಿಕೊಂಡ ತುಂಡನ್ನು ಕೀಳಲು ಹೋಗಿತ್ತು.

ಮೇಲಿನ ಅಚ್ಚು ಎದ್ದಾಗ ಮುನೇಶ ಕೈಯನ್ನು ಹೊರಗೆಳೆದುಕೊಂಡ. ಬೆರಳುಗಳು ಅದರ ಜೊತೆ ಬರಲಿಲ್ಲ. ತಗಡಿನ ಮೇಲೆ ಅವು ತಗಡಿನಷ್ಟೇ ತೆಳ್ಳಗಾಗಿ ಕೂತಿದ್ದವು. ರಕ್ತ ಅಚ್ಚಿನ ಎಣ್ಣೆಯ ಜೊತೆ ಬೆರೆತು ಯಂತ್ರದ ಕಾಲುಗಳಗುಂಟ ಇಳಿಯುತ್ತಿತ್ತು. ಕೋದಂಡರಾಮಪ್ಪನವರು ತಮ್ಮ ಅಂಗಿ ಬಿಚ್ಚಿ ಆ ಕೈಗೆ ಸುತ್ತಿದರು. ಮುನೇಶ ಅಳುತ್ತಿರಲಿಲ್ಲ. ಎಡಗೈಯಲ್ಲಿ ಅವರ ಬನಿಯನ್ ಹಿಡಿದುಕೊಂಡು ಒಂದೇ ಮಾತು ಹೇಳುತ್ತಿದ್ದ.

"ಸಾರ್, ಪರೀಕ್ಷೆಲಿ ನಾನೇ ಅಲ್ವಾ ಸಾರ್ ಫಸ್ಟ್ ಬಂದಿದ್ದು? ನಾನೇ ಅಲ್ವಾ?"

ಅವನೇ. ಮಾಸ್ತಿ ಕಡೆಯ ಹುಡುಗ, ಹಿಂದಿನ ವಾರವಷ್ಟೇ ಅವರ ತರಬೇತಿ ಮುಗಿಸಿ, ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರ ಬರೆದವನು. ಕೈ ಒಳಗೆ ಹಾಕಬಾರದು, ಗುಂಡಿಗೆ ಚಕ್ಕೆ ಸಿಕ್ಕಿಸಬಾರದು, ತುಂಡು ಕಚ್ಚಿಕೊಂಡರೆ ಯಂತ್ರ ನಿಲ್ಲಿಸಿ ಇಕ್ಕಳದಿಂದ ತೆಗೆಯಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು.

ಕೋದಂಡರಾಮಪ್ಪನವರು ಶ್ರೀನಿವಾಸಪುರದಿಂದಾಚೆ ಆಂಧ್ರದ ಗಡಿಗೆ ತಾಗಿದಂತಿದ್ದ ಒಂದು ಹಳ್ಳಿಯವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ತಂದೆ ಮಾವಿನ ತೋಪುಗಳನ್ನು ಕಾಯುತ್ತಿದ್ದರು. ಹತ್ತನೇ ತರಗತಿ ಮುಗಿದ ಮೇಲೆ ಮಗನನ್ನು ಕೋಲಾರದ ಒಂದು ವರ್ಕ್‌ಷಾಪಿಗೆ ಕೆಲಸ ಕಲಿಯಲು ಬಿಟ್ಟರು. ಅಲ್ಲಿನ ಮೇಸ್ತ್ರಿಗೆ ಬಾಯಿಗಿಂತ ಸ್ಪಾನರ್ ಮುಂದು. ಅಳತೆ ತಪ್ಪಿದರೆ ಬೆರಳ ಗಿಣ್ಣಿಗೆ, ಪ್ರಶ್ನೆ ಕೇಳಿದರೆ ಬೆನ್ನಿಗೆ. ಒಂದು ದಿನ ಲೇತ್ ಯಂತ್ರದ ಮೇಲೆ ಕೆಲಸ ಕೆಟ್ಟಿದ್ದಕ್ಕೆ ಹುಬ್ಬಿನ ಮೇಲೆ ಹೊಡೆದ. ಚರ್ಮ ಸೀಳಿ ಕಣ್ಣೊಳಗೆ ರಕ್ತ ಇಳಿಯಿತು. "ಏಟು ಬಿದ್ದ ಜಾಗದಲ್ಲಿ ವಿದ್ಯೆ ಕೂರ್ತದೆ ಕಣೋ" ಎಂದು ಮೇಸ್ತ್ರಿ ನಕ್ಕಿದ್ದ. ಆ ಗಾಯದ ಗೆರೆ ಕೊನೆಯವರೆಗೂ ಅವರ ಎಡಹುಬ್ಬನ್ನು ಎರಡು ಭಾಗ ಮಾಡಿತ್ತು.

ಆಮೇಲೆ ಐಟಿಐ, ಡಿಪ್ಲೊಮಾ ಎಲ್ಲ ಮಾಡಿಕೊಂಡು ಮಾಲೂರಿನ ಕಾರ್ಖಾನೆಯಲ್ಲಿ ಟ್ರೈನಿಂಗ್ ಆಫೀಸರ್ ಆದರು. ಯಾರಿಗೂ ಹೊಡೆಯದೆ, ಬಯ್ಯದೆ ಕಲಿಸುತ್ತೇನೆಂಬುದು ಅವರ ಹೆಮ್ಮೆ. ಕಲಿಯಲು ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಬಹುವಚನದಲ್ಲಿ ಮಾತಾಡಿಸಿ, ಟೀ ಬಿಸ್ಕತ್ತು ಕೊಟ್ಟು ಪಾಠ ಹೇಳುತ್ತಿದ್ದರು. ಆದರೂ ಆ ವರ್ಷ ಮುನೇಶನಿಗಿಂತ ಮೊದಲೇ ಪ್ರೆಸ್ ಷಾಪಿನಲ್ಲಿ ಬೆರಳುಗಳು ಹೋಗಿದ್ದವು. ಹೋದಾಗಲೆಲ್ಲ ಅವರು ಪಾಠವನ್ನು ಇನ್ನಷ್ಟು ಉದ್ದ ಮಾಡುತ್ತಿದ್ದರು.

ಅಪಘಾತದ ಮರುವಾರ ಮಧ್ಯಾಹ್ನ, ಮೊದಲ ಪಾಳಿ ಬಿಟ್ಟು ಅವರು ಮಾಲೂರಿನ ಬಸ್‌ಸ್ಟ್ಯಾಂಡಿಗೆ ಬಂದರು. ಹೆಂಚಿನ ಕಾರ್ಖಾನೆಯ ಕೆಂಪು ಧೂಳನ್ನು ಮೈತುಂಬ ಬಳಿದುಕೊಂಡಂತಿದ್ದ ಒಬ್ಬ ಎದುರಿಗೆ ಬಂದು ನಿಂತ. ಅವನ ಕೈಯಲ್ಲೊಂದು ಹೆಂಚಿತ್ತು.

"ನೀನೇ ಅಲ್ವೇನ್ಲಾ ಟ್ರೈನಿಂಗ್ ಕೊಡೋನು?"

"ಹೌದಪ್ಪ. ನೀನು ಯಾರು?"

"ಕದಿರೇಶ. ಮುನೇಶನ ಅಣ್ಣ. ನನ್ ತಮ್ಮಂಗೆ ಏನ್ ಕಲಿಸ್ದೆ? ಹೇಳ್ಲಾ! ಏನ್ ಕಲಿಸ್ದೆ?"

ಕೋದಂಡರಾಮಪ್ಪನವರು ತರಗತಿಯಲ್ಲಿ ಹೇಳುವ ದನಿಯಲ್ಲೇ ಶುರು ಮಾಡಿದರು. "ನೋಡಪ್ಪ, ನಿಯಮದ ಪ್ರಕಾರ ಎರಡೂ ಕೈ…"

ಹೆಂಚು ಅವರ ದವಡೆಗೆ ಬಿತ್ತು. ಹೆಂಚೂ ಮುರಿಯಿತು, ದವಡೆಯೂ ಮುರಿಯಿತು. ನೆಲಕ್ಕೆ ಬಿದ್ದವರ ಹೊಟ್ಟೆಗೆ, ಪಕ್ಕೆಗೆ, ಮುಖಕ್ಕೆ ಕದಿರೇಶ ಒದೆಯುತ್ತಲೇ ಹೋದ. ಪ್ರತಿ ಒದೆತಕ್ಕೂ ಅದೇ ಪ್ರಶ್ನೆ. "ಏನ್ ಕಲಿಸ್ದೆ? ಏನ್ ಕಲಿಸ್ದೆ?" ಬಾಯಿಂದ ರಕ್ತದ ಜೊತೆ ಎರಡು ಹಲ್ಲು ಮಣ್ಣಿಗೆ ಬಿದ್ದವು. ಆಟೊದವರು ಬಂದು ಎಳೆಯುವ ಹೊತ್ತಿಗೆ ಕದಿರೇಶನೇ ಸುಸ್ತಾಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಗೊಳೋ ಎಂದು ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಮೇಲಿನ ಹಲ್ಲುಗಳಿಗೂ ಕೆಳಗಿನ ಹಲ್ಲುಗಳಿಗೂ ತಂತಿ ಕಟ್ಟಿ ಬಾಯಿ ಮುಚ್ಚಿದರು. ಮುರಿದ ಎಲುಬು ಕೂಡುವವರೆಗೆ ಮಾತಾಡುವ ಹಾಗಿಲ್ಲ, ಜಗಿಯುವ ಹಾಗಿಲ್ಲ. ಹೆಂಡತಿ ಗಂಗಾ ರಾಗಿ ಅಂಬಲಿಯನ್ನು ತೆಳ್ಳಗೆ ಮಾಡಿ ಕೊಳವೆಯಲ್ಲಿ ಕುಡಿಸುತ್ತಿದ್ದಳು. ಪೊಲೀಸರು ಹೇಳಿಕೆ ಕೇಳಲು ಬಂದರು.

"ಕಂಪ್ಲೇಂಟ್ ಕೊಡ್ರಿ. ಅವನನ್ನ ಸುಮ್ನೆ ಬಿಡಬೇಡ್ರಿ" ಎಂದಳು ಗಂಗಾ.

ಅವರು ಬೇಡವೆಂದು ತಲೆಯಾಡಿಸಿದರು. ಅದು ದೊಡ್ಡತನವೆಂದು ಊರವರು ಹೊಗಳಿದರು. ಕೋದಂಡರಾಮಪ್ಪನವರೇ ಎಷ್ಟೋ ವರ್ಷದ ಮೇಲೆ ಹೇಳಿದ್ದು ಬೇರೆ. ಮಂಚದ ಮೇಲೆ ಮಲಗಿ ಅವರು ಮನಸ್ಸಿನಲ್ಲೇ ಕದಿರೇಶನನ್ನು ಹಗಲೆಲ್ಲ ಹೊಡೆಯುತ್ತಿದ್ದರಂತೆ, ಮೇಸ್ತ್ರಿಯ ಸ್ಪಾನರ್ ಹಿಡಿದು, ಅವನ ಬೆರಳುಗಳನ್ನು ಒಂದೊಂದಾಗಿ ಜಜ್ಜುತ್ತಿದ್ದರಂತೆ. ಆದರೆ ಅವನು ಕೇಳಿದ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಸು ಹಾಕುವುದು ಎನಿಸಿತ್ತು.

ದವಡೆಯ ತಂತಿ ಬಿಚ್ಚುವ ಮೊದಲೇ ಅವರು ಕೆಲಸಕ್ಕೆ ಹೋದರು. ಮ್ಯಾನೇಜರ್ ಭಾರ್ಗವ್‌ಗೆ ಆಶ್ಚರ್ಯ. ಮುಳಬಾಗಿಲಿನ ಲೆಕ್ಕಿಗರ ಮನೆತನದ ಭಾರ್ಗವ್ ಅಚ್ಚುಕಟ್ಟಿನ ಮನುಷ್ಯ.

"ಮಾತಾಡೋಕೇ ಆಗಲ್ಲ ಅಂದ್ಮೇಲೆ ಪಾಠ ಹೇಗೆ ಮಾಡ್ತೀರಿ? ಮನೇಲಿ ರೆಸ್ಟ್ ತಗೊಳ್ಳಿ."

ಕೋದಂಡರಾಮಪ್ಪನವರು ಪ್ರೆಸ್ ಷಾಪಿನ ಕಡೆ ಬೆರಳು ತೋರಿಸಿದರು. ಅಂದಿನಿಂದ ಒಂದು ಖಾಲಿ ಡಬ್ಬ ಬೋರಲು ಹಾಕಿಕೊಂಡು ಯಂತ್ರಗಳ ನಡುವೆ ಕೂತರು. ಇಷ್ಟು ವರ್ಷ ಅದೇ ಕಾರ್ಖಾನೆಯಲ್ಲಿದ್ದರೂ ಒಂದು ಪಾಳಿ ಪೂರ್ತಿ ಅಲ್ಲಿ ಕೂತಿದ್ದೇ ಇಲ್ಲವೆಂಬುದು ಅವರಿಗೆ ಆಗ ಹೊಳೆಯಿತು.

ಬೆಳಗಿನ ಹೊತ್ತು ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಎರಡು ಕೈ, ಎರಡು ಗುಂಡಿ. ಬಿಸಿಲೇರಿ ಲಾರಿ ಗೇಟಿಗೆ ಬಂದಾಗ ಫೋರ್‌ಮನ್ ಸೊಣ್ಣಪ್ಪನ ದನಿ ಏರುತ್ತಿತ್ತು. ಸೊಣ್ಣಪ್ಪ ದಪ್ಪ ಕತ್ತಿನ, ಅಗಲ ಕೈಯ ಮನುಷ್ಯ. ಅಷ್ಟೂ ಪ್ರೆಸ್ಸುಗಳ ಸದ್ದನ್ನು ಮೀರಿ ಅವನ ಕೂಗು ಕೇಳುತ್ತಿತ್ತು. ಯಾರ ಯಂತ್ರ ನಿಂತಿದ್ದು ಕಂಡರೂ ಹಿಂದಿನಿಂದ ಬಂದು ಕತ್ತಿನ ಬುಡಕ್ಕೆ ಗುದ್ದುತ್ತಿದ್ದ. ಕೈಯಲ್ಲಿ ಉಕ್ಕಿನ ಸ್ಕೇಲಿದ್ದರೆ ಕಿವಿಯ ಮೇಲೆ. ಒಮ್ಮೆ ನರಸಿಂಹಪ್ಪ ಎಂಬ ಹಳೆಯ ಕೆಲಸಗಾರ ತುಂಡು ಕಚ್ಚಿಕೊಂಡಿತೆಂದು ಯಂತ್ರ ಆರಿಸಿ ಇಕ್ಕಳ ಕೇಳಲು ಹೊರಟ. ಸೊಣ್ಣಪ್ಪ ಅವನ ತಲೆಗೂದಲು ಹಿಡಿದು ಯಂತ್ರದ ಕಂಬಕ್ಕೆ ಅಪ್ಪಳಿಸಿದ. ಹಣೆ ಒಡೆದು ರಕ್ತ ಸುರಿಯಿತು. ನರಸಿಂಹಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಮತ್ತೆ ಗುಂಡಿ ಒತ್ತತೊಡಗಿದ. ಅಕ್ಕಪಕ್ಕದವರು ತಲೆಯೆತ್ತಲೂ ಇಲ್ಲ. ಅಷ್ಟು ಮಾಮೂಲು.

ಇನ್ನೊಂದು ಸಂಗತಿ ನೋಡಿ ನೋಡಿ ಕೋದಂಡರಾಮಪ್ಪನವರ ಕಣ್ಣಿಗೆ ಬಿತ್ತು. ಕೈಯನ್ನು ಅಚ್ಚಿನೊಳಗೆ ಹಾಕುವ ಮೊದಲು ಪ್ರತಿಯೊಬ್ಬನೂ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ. ಕಣ್ಣು ಸೊಣ್ಣಪ್ಪನನ್ನು ಹುಡುಕುತ್ತಿತ್ತು, ಕೈ ಒಳಗೆ ಹೋಗುತ್ತಿತ್ತು.

ಟೀ ಹೊತ್ತಿನಲ್ಲಿ ಜನ ಅವರ ಸುತ್ತ ಕೂರತೊಡಗಿದರು. ಬಾಯಿ ಕಟ್ಟಿದ ಸಾಹೇಬರು ನಡುವೆ ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ. ಹಾಗಾಗಿ ಮೊದಲ ಬಾರಿಗೆ ಅವರ ಮುಂದೆ ಮಾತುಗಳು ಹೊರಬಂದವು. ಇಕ್ಕಳಗಳೆಲ್ಲ ಸ್ಟೋರಿನ ಬೀಗದೊಳಗಿವೆ. ಚಕ್ಕೆ ಸಿಕ್ಕಿಸುವುದನ್ನು ಕಲಿಸುವವನೇ ಸೊಣ್ಣಪ್ಪ. ಅದನ್ನು ಕಿತ್ತವನಿಗೆ ಒದೆ.

"ನಿಮ್ ಕ್ಲಾಸ್‌ನಲ್ಲಿ ಮಿಷಿನ್ ಒಂದೇ ಇರ್ತದೆ ಸಾರ್" ಎಂದ ನರಸಿಂಹಪ್ಪ, ಹಣೆಯ ಗಾಯ ಮುಟ್ಟಿಕೊಳ್ಳುತ್ತಾ. "ಇಲ್ಲಿ ಮಿಷಿನ್ನೂ ಇರ್ತದೆ, ಸೊಣ್ಣಪ್ಪನೂ ಇರ್ತಾನೆ."

ಕಟ್ಟಿದ ಹಲ್ಲುಗಳ ನಡುವಿನಿಂದ ಕೋದಂಡರಾಮಪ್ಪನವರು ಕಷ್ಟಪಟ್ಟು ಕೇಳಿದರು. "ಮುನೇಶನೂ… ಹಿಂದೆ ನೋಡಿದ್ನಾ?"

"ನೋಡೋದೇನು ಸಾರ್, ಆಗ್ಲೇ ಎರಡು ಗುದ್ದು ತಿಂದಿದ್ದ."

ತಂತಿ ಬಿಚ್ಚಿದ ಮೇಲೆ ಅವರು ಹಳೆಯ ಪಾಠವನ್ನು ಬಿಟ್ಟರು. ತರಗತಿಯನ್ನು ಯಂತ್ರದ ಮುಂದಕ್ಕೇ ತಂದರು. ಕೋಲಾರದ ಮಂಡಿಯಿಂದ ಟೊಮೇಟೊ ತರಿಸಿ, ಕೆಲಸದ ಕೈಗವಸೊಂದಕ್ಕೆ ತುಂಬಿ, ಬೆರಳುಗಳಿಗೆ ಮೂಳೆಯಂತೆ ಪೊರಕೆಯ ಹಂಚಿಕಡ್ಡಿ ಇಟ್ಟು ಹೊಲಿದರು. ಎಲ್ಲರನ್ನೂ ಸುತ್ತ ನಿಲ್ಲಿಸಿ ಅದನ್ನು ಅಚ್ಚಿನ ಮೇಲೆ ಇಟ್ಟು ಗುಂಡಿ ಒತ್ತಿದರು. ಫಟ್ಟನೆ ಸಿಡಿದ ರಸ ಮುಂದೆ ನಿಂತವರ ಮುಖಕ್ಕೆ, ಅಂಗಿಗೆ ಎರಚಿತು. ಕಡ್ಡಿಗಳು ಲಟಲಟನೆ ಮುರಿದ ಸದ್ದಿಗೆ ಸುಗಟೂರಿನ ಚನ್ನರಾಯಪ್ಪ ಎಂಬ ಕೆಲಸಗಾರ ಅಲ್ಲೇ ವಾಂತಿ ಮಾಡಿಕೊಂಡ. ನೋಡಲು ಬಂದಿದ್ದ ಭಾರ್ಗವ್ ಚಪ್ಪಾಳೆ ತಟ್ಟಿದರು.

"ಇದು ಕಣ್ರೀ ಟ್ರೈನಿಂಗ್ ಅಂದ್ರೆ! ಇನ್ನು ಯಾರೂ ಮರೆಯಲ್ಲ."

ಯಾರೂ ಮರೆಯಲಿಲ್ಲ. ಅದೇ ತೊಂದರೆಯಾಯಿತು. ಅಂದಿನಿಂದ ಚನ್ನರಾಯಪ್ಪ ಪ್ರತಿ ತುಂಡಿಗೂ ಎರಡೆರಡು ಸಲ ಹಿಂದೆ ಮುಂದೆ ನೋಡತೊಡಗಿದ. ಮುಂದೆ ಅಚ್ಚಿನ ಹೆದರಿಕೆ, ಹಿಂದೆ ಸೊಣ್ಣಪ್ಪನ ಹೆದರಿಕೆ. ಕೆಲವೇ ದಿನಗಳಲ್ಲಿ ಹಿಂದಿನ ಕೂಗಿಗೆ ಬೆಚ್ಚಿ, ಒಳಗಿದ್ದ ಎಡಗೈ ತೆಗೆಯುವ ಮೊದಲೇ ಬಲಗೈಯಲ್ಲಿ ಚಕ್ಕೆಯಿಲ್ಲದ ಗುಂಡಿ ಒತ್ತಿಬಿಟ್ಟ. ಹೆಬ್ಬೆರಳು ಬುಡದಿಂದ ಕತ್ತರಿಸಿಹೋಯಿತು. ಕೋದಂಡರಾಮಪ್ಪನವರೇ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ವ್ಯಾನಿನಲ್ಲಿ ಅವನ ಪಕ್ಕ ಕೂತರು. ದಾರಿಯುದ್ದಕ್ಕೂ ಚನ್ನರಾಯಪ್ಪ ಹಲ್ಲು ಕಡಿಯುತ್ತಾ, "ಟೊಮೇಟೊ… ಟೊಮೇಟೊ" ಎನ್ನುತ್ತಿದ್ದ. ಬೆರಳು ಕೂಡಲಿಲ್ಲ.

ಮನೆಗೆ ಬಂದವರು ಊಟ ಮಾಡಲಿಲ್ಲ. "ಮೇಸ್ತ್ರಿ ಸ್ಪಾನರ್‌ನಲ್ಲಿ ಹೊಡೆದು ಕಲಿಸ್ತಿದ್ದ. ನಾನೂ ಅದನ್ನೇ ಮಾಡ್ದೆ ಕಣೇ. ಹೆದರ್ಸಿ ಕಲಿಸೋಕೆ ಹೋದೆ. ಅವರಿಗೆ ಹೆದರಿಕೆ ಕಮ್ಮಿ ಇತ್ತಾ?" ಎಂದರು.

ಗಂಗಾ ತಟ್ಟೆ ಮುಚ್ಚಿಟ್ಟು, "ಮತ್ತೆ ಅವರಿಗೆ ಏನು ಬೇಕಂತೆ, ಕೇಳಿದ್ರಾ?" ಎಂದಳು.

ಕೇಳಿರಲಿಲ್ಲ. ಕಷ್ಟ ಏನೆಂದು ಕೇಳಿದ್ದರು. ಪರಿಹಾರವನ್ನು ಮಾತ್ರ ತಾವೊಬ್ಬರೇ ಕೂತು ಹೊಲಿದಿದ್ದರು.

ಕಾರ್ಖಾನೆಯ ಹಿಂದೆ ಗುಜರಿ ಷೆಡ್ಡಿನಲ್ಲಿ ಕೆಟ್ಟುನಿಂತ ಒಂದು ಪ್ರೆಸ್ಸಿತ್ತು. ಕರೆಂಟಿಲ್ಲ, ಅದರ ದೊಡ್ಡ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಮೇಲಿನ ಅಚ್ಚು ನಿಧಾನವಾಗಿ ಇಳಿಯುತ್ತಿತ್ತು. ಊಟದ ಬಿಡುವಿನಲ್ಲಿ ಕೋದಂಡರಾಮಪ್ಪನವರು ನಾಲ್ಕೈದು ಜನರನ್ನು ಅಲ್ಲಿಗೆ ಕರೆದೊಯ್ದರು. ತುಂಡು ಕಚ್ಚಿಕೊಂಡಾಗ, ಹಿಂದೆ ಸೊಣ್ಣಪ್ಪ ಕೂಗುತ್ತಿರುವಾಗ, ಕೈ ಒಳಗೆ ಹೋಗದಿರಲು ಏನು ಮಾಡಬಹುದು? ಅವರವರೇ ಹೇಳಿದರು, ಅಲ್ಲೇ ಮಾಡಿ ನೋಡಿದರು. "ಮಿಷಿನ್ ನಿಲ್ಲಿಸಿದೀನಿ" ಎಂದು ಕೂಗುವುದೆಂದಾಯಿತು. ಪ್ರೆಸ್ಸುಗಳ ಸದ್ದಿನಲ್ಲಿ ಅದು ಯಾರಿಗೆ ಕೇಳೀತು? ಒಂದು ಕೈ ಎತ್ತುವುದು ಎಂದರು. ಆಗ ಇನ್ನೊಂದು ಕೈ ತಾನಾಗಿ ಒಳಗೆ ಹೋಗುತ್ತಿತ್ತು. ಕೊನೆಗೆ ನಿಂತದ್ದು ಇಷ್ಟು: ಆರಿಸು, ಎರಡೂ ಕೈ ತಲೆಯ ಮೇಲೆತ್ತು, ಅಕ್ಕಪಕ್ಕದ ಇಬ್ಬರೂ ನೋಡಿ ತಾವೂ ಎತ್ತಬೇಕು. ಮೂವರ ಕೈ ಮೇಲಿದ್ದರೆ ಒಬ್ಬನನ್ನು ಹೊಡೆಯುವುದು ಕಷ್ಟ. ಇಕ್ಕಳವನ್ನು ಪ್ರತಿ ಯಂತ್ರಕ್ಕೂ ಸರಪಳಿಯಲ್ಲಿ ತೂಗುಹಾಕಬೇಕು.

ಬಾಯಿಪಾಠಕ್ಕಿಂತ ಮೈಗೆ ಅಭ್ಯಾಸವಾಗಲಿ ಎಂದು ನರಸಿಂಹಪ್ಪನನ್ನು ಸೊಣ್ಣಪ್ಪನ ಪಾತ್ರಕ್ಕೆ ನಿಲ್ಲಿಸಿದರು. ಅವನು ಹೊಟ್ಟೆ ಮುಂದೆ ಮಾಡಿ, ಸ್ಕೇಲು ಬೀಸುತ್ತಾ, "ಏನ್ಲಾ, ನಿಮ್ಮತ್ತೆ ಮನೆ ಅನ್ಕೊಂಡ್ಯಾ?" ಎಂದು ಥೇಟು ಹಾಗೇ ಗರ್ಜಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಷೆಡ್ಡಿನ ಬಾಗಿಲಲ್ಲಿ ಸೊಣ್ಣಪ್ಪ ನಿಂತಿದ್ದ.

ಅವನು ಒಳಗೆ ನುಗ್ಗಿದ. ಗುಜರಿಯಿಂದ ಒಂದು ಕಬ್ಬಿಣದ ಸರಳು ಎಳೆದು ನರಸಿಂಹಪ್ಪನ ಭುಜಕ್ಕೆ ಬೀಸಿದ. ಕತ್ತಿನ ಪಕ್ಕದ ಎಲುಬು ಒಣಕಟ್ಟಿಗೆಯಂತೆ ಮುರಿಯಿತು. ಎರಡನೇ ಏಟಿಗೆ ಸರಳು ಎತ್ತುವಷ್ಟರಲ್ಲಿ ಉಳಿದವರು ಅವನ ಮೇಲೆ ಬಿದ್ದರು. ಎಷ್ಟೋ ವರ್ಷ ಕತ್ತಿನ ಬುಡದಲ್ಲಿ ತಿಂದ ಗುದ್ದುಗಳೆಲ್ಲ ಒಮ್ಮೆಲೇ ತಿರುಗಿ ಬಂದವು. ಸುದ್ದಿ ತಿಳಿದು ಊಟದ ಕೋಣೆಯಿಂದ ಇನ್ನಷ್ಟು ಜನ ಓಡಿಬಂದರು. ಬೂಟುಗಾಲು ಅವನ ಪಕ್ಕೆಗೆ, ಅಭ್ಯಾಸಕ್ಕೆ ತರಿಸಿದ್ದ ಇಕ್ಕಳ ಅವನ ತಲೆಗೆ. ಒಬ್ಬ ಅವನ ಬಲಗೈಯನ್ನು ನೆಲಕ್ಕೆ ಒತ್ತಿಹಿಡಿದು, "ಇವನ ಬೆರಳೂ ಹೋಗ್ಲಿ! ಚಕ್ರ ತಿರುಗ್ಸ್ರೋ, ಇವನ್ ಕೈ ಒಳಗಿಡ್ರೋ!" ಎಂದು ಅರಚಿದ. ಎಳೆದುಕೊಂಡು ಹೋಗಿ ಕೈಯನ್ನು ಅಚ್ಚಿನ ಮೇಲೆ ಇಟ್ಟೇಬಿಟ್ಟರು.

ಕೋದಂಡರಾಮಪ್ಪನವರು ನಿಂತಲ್ಲೇ ನಿಂತಿದ್ದರು. ಹೊಡೆತ ಬಿದ್ದಾಗಲೆಲ್ಲ ತಮ್ಮೊಳಗೆ ಯಾವುದೋ ತಣ್ಣಗಾಗುತ್ತಿತ್ತು ಎಂದು ಅವರು ಮುಚ್ಚಿಡದೆ ಹೇಳುತ್ತಿದ್ದರು. ಚಕ್ರ ಕಿರ್ರೆಂದು ಅಲುಗಿದಾಗ ಎಚ್ಚರವಾಯಿತು. ನುಗ್ಗಿ ಹೋಗಿ ತಮ್ಮ ಕೈಯನ್ನು ಸೊಣ್ಣಪ್ಪನ ಕೈಯ ಮೇಲಿಟ್ಟರು.

"ತಿರುಗ್ಸಿ ಈಗ! ಇಬ್ಬರದೂ ಹೋಗ್ಲಿ!"

ಯಾರದೋ ಏಟು ಅವರ ಬೆನ್ನಿಗೆ ಬಿತ್ತು, ಇನ್ನೊಂದು ಆಗತಾನೇ ಕೂಡಿದ ದವಡೆಗೆ. ಕೈ ತೆಗೆಯಲಿಲ್ಲ. ಚಕ್ರ ಹಿಡಿದಿದ್ದವನು ನಿಧಾನವಾಗಿ ಕೈಬಿಟ್ಟ. ಷೆಡ್ಡಿನಲ್ಲಿ ನರಸಿಂಹಪ್ಪನ ನರಳಾಟವೊಂದೇ ಉಳಿಯಿತು.

ಮರುದಿನ ಭಾರ್ಗವ್ ಬೆಂಕಿಯಾಗಿದ್ದರು. "ಟ್ರೈನಿಂಗ್ ಹೆಸರಲ್ಲಿ ಗಲಾಟೆ ಹುಟ್ಟಿಸಿದ್ದೀರಿ. ಅಷ್ಟೂ ಜನರನ್ನ ಮನೆಗೆ ಕಳಿಸ್ತೀನಿ, ನಿಮ್ಮನ್ನೂ ಸೇರಿಸಿ."

"ಕಳಿಸಿ ಸಾರ್. ಅದಕ್ಕೆ ಮೊದಲು ಒಂದ್ಸಲ ಆ ಷೆಡ್ಡಿಗೆ ಬನ್ನಿ. ಸೊಣ್ಣಪ್ಪನೂ ಬರ್ಲಿ."

ಸೊಣ್ಣಪ್ಪನ ಮನೆಗೆ ಅವರೇ ಹೋದರು. ತಲೆಗೆ ಪಟ್ಟಿ, ಊದಿ ಮುಚ್ಚಿಹೋದ ಒಂದು ಕಣ್ಣು. ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದವನು ಬೈಯುತ್ತಾನೆಂದುಕೊಂಡರೆ ಬೇರೆಯೇ ಮಾತು ಬಂತು.

"ನಾನು ಹೊಡೀದಿದ್ರೆ ಮಾಲು ಬರಲ್ಲ ಸಾರ್. ಮಾಲು ಬರ್ದಿದ್ರೆ ಭಾರ್ಗವ್ ಸಾರ್ ಎಲ್ಲರ ಮುಂದೆ ನಾಯೀ ಅಂತಾರೆ. ದಿನಾ ಬೆಳಗ್ಗೆ. ನಾಯಿ ಕಚ್ಚದೆ ಏನ್ ಮಾಡ್ತದೆ?"

ಗಾಯ ಮಾಗಿದ ಮೇಲೆ ಸೊಣ್ಣಪ್ಪ ಬಂದ. ಭಾರ್ಗವ್ ಕೂಡ ಬಂದರು. ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ. ಕೋದಂಡರಾಮಪ್ಪನವರು ಸೊಣ್ಣಪ್ಪನನ್ನು ಕೆಟ್ಟ ಪ್ರೆಸ್ಸಿನ ಮುಂದೆ ನಿಲ್ಲಿಸಿ, ಅಚ್ಚಿನಲ್ಲಿ ಒಂದು ತುಂಡನ್ನು ಬಿಗಿಯಾಗಿ ಸಿಕ್ಕಿಸಿದರು. ಇಕ್ಕಳ ಪಕ್ಕದಲ್ಲೇ ತೂಗುತ್ತಿತ್ತು.

"ಸಾರ್, ಬೆಳಗ್ಗೆ ಹೇಗೆ ಕೂಗ್ತೀರೋ ಹಾಗೇ ಕೂಗಿ."

ಭಾರ್ಗವ್ ಮುಜುಗರದಿಂದ ಕೆಮ್ಮಿದರು. ಮೊದಲ ಮಾತು ಮೆಲ್ಲಗೆ ಬಂತು. ಆಮೇಲೆ ಅಭ್ಯಾಸದ ದನಿ ತಾನಾಗಿ ಏರಿತು. "ಗೇಟಲ್ಲಿ ಲಾರಿ ನಿಂತಿದೆ! ಏನ್ ಕತ್ತೆ ಕಾಯ್ತಿದ್ದೀಯ? ನಾಯಿ! ನಿನಗಲ್ಲ, ನಿನ್ನ ಇಟ್ಕೊಂಡಿದೀನಲ್ಲ, ನನಗೇ ನಾನು ಹೊಡ್ಕೋಬೇಕು!"

ಸೊಣ್ಣಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ. ಇಕ್ಕಳದ ಕಡೆ ಹೋಗಬೇಕಿದ್ದ ಕೈ ಸೀದಾ ಅಚ್ಚಿನೊಳಗೆ ಹೋಗಿತ್ತು.

ಕೋದಂಡರಾಮಪ್ಪನವರು ಚಕ್ರ ತಿರುಗಿಸತೊಡಗಿದರು. ಮೇಲಿನ ಅಚ್ಚು ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ಇಳಿದು ಸೊಣ್ಣಪ್ಪನ ಕೈಯ ಬೆನ್ನನ್ನು ಮುಟ್ಟಿ ನಿಂತಿತು. ಸೊಣ್ಣಪ್ಪ ಕೈ ಎಳೆದುಕೊಳ್ಳಲಿಲ್ಲ. ಅದನ್ನೇ ನೋಡುತ್ತಾ ನಿಂತ. ಭಾರ್ಗವ್ ಕೂಡ ಅದನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಹೊರಗೆ ಹೋದರು.

ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಇಕ್ಕಳಗಳು ಸ್ಟೋರಿನಿಂದ ಯಂತ್ರಗಳಿಗೆ ಬಂದವು, ಗುಂಡಿಗಳಿಂದ ಚಕ್ಕೆಗಳು ಹೋದವು. ತರಬೇತಿ ಮೊದಲು ಫೋರ್‌ಮನ್‌ಗಳಿಗೆ, ಆಮೇಲೆ ಕೆಲಸಗಾರರಿಗೆ ಎಂದಾಯಿತು. ಕೂತು ಕೇಳುವ ಪಾಠ ಹೋಗಿ, ಷೆಡ್ಡಿನಲ್ಲಿ ಕೂಗಿನ ನಡುವೆ ನಿಂತು ಮಾಡುವ ಅಭ್ಯಾಸ ಬಂತು. ಪ್ರತಿ ತಂಡ ಮುಗಿದಾಗಲೂ ಅವರು ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲವೆಂದು ಕೇಳಿ, ಮುಂದಿನದನ್ನು ಬದಲಿಸುತ್ತಿದ್ದರು. ಬೆರಳು ಹೋಗುವುದು ಪೂರ್ತಿ ನಿಂತಿತು ಎನ್ನಲಾಗದು. ಆದರೆ ಷಾಪಿಗೆ ಆಂಬುಲೆನ್ಸ್ ಬರುವುದು ಅಪರೂಪವಾಯಿತು.

ಸೊಣ್ಣಪ್ಪ ಜನರ ಮೇಲೆ ಕೈ ಎತ್ತುವುದನ್ನು ಬಿಟ್ಟ. ಕೆಲವು ತಿಂಗಳು ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಹೊಡೆಯದೆ ಕೆಲಸ ತೆಗೆಯುವುದು ಅವನಿಗೆ ಕಡೆಗೂ ಒಗ್ಗಲಿಲ್ಲ. ಒಂದು ದಿನ ಹೇಳದೆ ಕೇಳದೆ ಬೇರೆ ಕಾರ್ಖಾನೆಗೆ ಸೇರಿದ. ಅಲ್ಲಿ ಹೇಗಿದ್ದನೆಂದು ಯಾರೂ ವಿಚಾರಿಸಲಿಲ್ಲ. ನರಸಿಂಹಪ್ಪನ ಭುಜ ಒಂದು ಕಡೆಗೆ ಇಳಿಬಿದ್ದಂತೆಯೇ ಉಳಿಯಿತು.

ಮುನೇಶನನ್ನು ತರಬೇತಿ ಕೊಡುವ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂಬ ಆಸೆ ಕೋದಂಡರಾಮಪ್ಪನವರಿಗಿತ್ತು. ಮಾಸ್ತಿ ಬಸ್ಸು ಹತ್ತಿ ಅವನ ಮನೆಗೆ ಹೋದರು. ಮುನೇಶ ತರಕಾರಿ ಮೂಟೆಗಳಿಗೆ ಎಡಗೈಯಲ್ಲಿ ಹುರಿ ಬಿಗಿಯುತ್ತಿದ್ದ. ಮಾತು ಕೇಳಿ ಬಲಗೈಯ ಮೊಂಡನ್ನು ಟವೆಲಿನಲ್ಲಿ ಮುಚ್ಚಿಕೊಂಡ.

"ನನ್ ಕೈ ತೋರ್ಸಿ ಪಾಠ ಮಾಡ್ಬೇಡಿ ಸಾರ್. ಕಾಲಿಗೆ ಬೀಳ್ತೀನಿ."

ಜಗುಲಿಯ ಮೇಲೆ ಕೂತಿದ್ದ ಕದಿರೇಶ ಎದ್ದು ಒಳಗೆ ಹೋದ. ಅವನು ಕ್ಷಮೆ ಕೇಳಲಿಲ್ಲ. ಒಳಗಿನಿಂದ ಒಂದು ಚೊಂಬು ಮಜ್ಜಿಗೆ ತಂದು ಅವರ ಮುಂದಿಟ್ಟು, ಅವರು ಕುಡಿದು ಮುಗಿಸುವವರೆಗೆ ಬೇರೆ ಕಡೆ ನೋಡುತ್ತಾ ನಿಂತ. ಅದಾದ ಮೇಲೆ ಅವರು ಆ ಮನೆಗೆ ಹೋಗಲಿಲ್ಲ.

ನಿವೃತ್ತರಾದ ಮೇಲೂ, ಎರಡು ಸಾವಿರದ ಮೊದಲ ದಶಕದ ಕೊನೆಯಲ್ಲಿ, ವೇಮಗಲ್ ಕಡೆಯ ಒಂದು ಕಾರ್ಖಾನೆಯವರು ಅವರನ್ನು ವಾರಕ್ಕೊಮ್ಮೆ ಕರೆಸುತ್ತಿದ್ದರು. ಅಲ್ಲಿನ ತರಬೇತಿಯ ಹೊಣೆ ಸುಮೇಧಾ ಎಂಬ ಯುವ ಎಂಜಿನಿಯರ್ ಮೇಲಿತ್ತು. ಅವರ ಕೆಲಸದ ರೀತಿ ನೋಡಿ ಅವಳು, "ಇದಕ್ಕೆ ಡಿಸೈನ್ ಥಿಂಕಿಂಗ್ ಅಂತಾರೆ ಸರ್" ಎಂದು ವಿವರಿಸಿದಳು. ಕಲಿಯುವವನ ಜಾಗದಲ್ಲಿ ನಿಂತು ನೋಡುವುದು, ನಿಜವಾದ ತೊಡಕು ಯಾವುದೆಂದು ಗುರುತಿಸುವುದು, ಚಿಕ್ಕದಾಗಿ ಮಾಡಿ ನೋಡುವುದು, ಸೋತರೆ ತಿದ್ದುವುದು.

"ಸೋತರೆ ಅಂತ ಸುಲಭವಾಗಿ ಹೇಳ್ಬಿಟ್ಯಲ್ಲಮ್ಮ" ಎಂದರು ಅವರು. "ನಾನು ಒಂದ್ಸಲ ಸೋತಾಗ ಚನ್ನರಾಯಪ್ಪ ಅನ್ನೋನ ಹೆಬ್ಬೆರಳು ಹೋಯ್ತು. ಕೆಟ್ಟ ಮಿಷಿನ್ ಮೇಲೆ ಸೋಲಬೇಕಾಗಿತ್ತು ಮೊದಲು."

ಸುಮೇಧಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಕೇಳಿದಳು. "ಕಲಿತು ಹೋದವರನ್ನ ಕೆಲವು ತಿಂಗಳ ಮೇಲೆ ಮತ್ತೆ ಹೋಗಿ ನೋಡ್ತಿದ್ರಾ ಸರ್? ಅಭ್ಯಾಸ ಉಳಿದಿದ್ಯಾ ಅಂತ?"

ಅವರು ಹಾಗೆ ನೋಡಿರಲಿಲ್ಲ. ಅದನ್ನು ಒಪ್ಪಿಕೊಂಡರು. ಅಂದೇ ಇಬ್ಬರೂ ಪ್ರೆಸ್ ಷಾಪಿಗೆ ಹೊರಟರು. ಹಿಂದಿನ ಮಳೆಗಾಲದಲ್ಲಿ ಕಲಿತು ಹೋದ ತಂಡ ಅಲ್ಲಿ ಕೆಲಸದಲ್ಲಿತ್ತು. ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು. ಫೋರ್‌ಮನ್ ಒಬ್ಬ ಅವಾಚ್ಯವಾಗಿ ಕೂಗುತ್ತಾ ಸಾಲಿನ ಹಿಂದೆ ನಡೆಯುತ್ತಿದ್ದ. ಮೂರನೇ ಯಂತ್ರದ ಮುಂದೆ ಕದಿರಮ್ಮ ಎಂಬ ಹೆಂಗಸು ಇದ್ದಳು. ಅವಳ ಅಚ್ಚಿನಲ್ಲಿ ತುಂಡು ಕಚ್ಚಿಕೊಂಡಿತು. ಫೋರ್‌ಮನ್ ಅವಳ ಕಿವಿಯ ಬಳಿ ಬಾಯಿ ತಂದು ಅರಚಿದ. ಅವಳ ಭುಜಗಳು ಕುಗ್ಗಿದವು.

ಕದಿರಮ್ಮ ಯಂತ್ರ ಆರಿಸಿ ಎರಡೂ ಕೈ ಮೇಲೆತ್ತಿದಳು. ಎಡಗಡೆಯವಳು ಎತ್ತಿದಳು. ಬಲಗಡೆಯವಳು ತಲೆಯೆತ್ತದೆ ಗುಂಡಿ ಒತ್ತುತ್ತಲೇ ಇದ್ದಳು.

"ಅವಳು ಯಾಕೆ ಎತ್ತಲಿಲ್ಲ?" ಎಂದಳು ಸುಮೇಧಾ.

"ಗೊತ್ತಿಲ್ಲಮ್ಮ" ಎಂದರು ಕೋದಂಡರಾಮಪ್ಪನವರು. "ಪಾಳಿ ಬಿಟ್ಟ ಮೇಲೆ ಕೇಳೋಣ."